ಬೇಸಿಗೆಯ ಮುನ್ನೋಟ: ಮಾದಾಪುರದ ತೋಟಕ್ಕೂ ಕುಮಟಾದ ಮನೆಗೂ ಒಂದೇ ಲೆಕ್ಕವೇ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದ ಬಳಿ ನಮಗೆ 12 ಎಕರೆ ಕಾಫಿ ತೋಟವಿದೆ. ಅದರಲ್ಲಿ 8 ಎಕರೆ ಅರೇಬಿಕಾ, ಇಳಿಜಾರಿನ ಬುಡದಲ್ಲಿ 4 ಎಕರೆ ರೋಬಸ್ಟಾ. ತೋಟದ ಕೆರೆಯಲ್ಲಿ ಈಗ ಸುಮಾರು 6 ಲಕ್ಷ ಲೀಟರ್ ನೀರು ನಿಂತಿದೆ. ನನ್ನ ತವರುಮನೆ ಕುಮಟಾ ಕಡೆಯ ಕರಾವಳಿಯಲ್ಲಿದ್ದು, 70 ದಾಟಿದ ಅಪ್ಪ, ಅಮ್ಮ ಇಬ್ಬರೇ ಅಲ್ಲಿನ ಅಡಿಕೆ, ತೆಂಗು ನೋಡಿಕೊಂಡಿದ್ದಾರೆ. ಈ ಬೇಸಿಗೆಯಲ್ಲಿ ರಾಜ್ಯದ ಉತ್ತರ ಭಾಗ ಮತ್ತು ಕರಾವಳಿಯಲ್ಲಿ ವಾಡಿಕೆಗಿಂತ ಹೆಚ್ಚು ಬಿಸಿಲು ಇರಬಹುದೆಂಬ ಮುನ್ನೋಟ ಬಂದಿದೆ; ನಕ್ಷೆಯಲ್ಲಿ ಕೊಡಗಿಗೂ ಅದೇ ಬಣ್ಣ ಬಳಿದಿದ್ದಾರೆ. ಕೊಡಗಿನಲ್ಲೂ 45 ಡಿಗ್ರಿ ಮುಟ್ಟುತ್ತದೆ, ಜೂನ್‌ವರೆಗೆ ಹನಿ ಮಳೆಯಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಕಳೆದ ಸಲ ಮಳೆ ಅತಿಯಾಯಿತು, ಹಾಗಾಗಿ ಈ ಸಲ ಬರ ಖಂಡಿತ ಎನ್ನುತ್ತಾರೆ ನೆರೆಯವರು. ರೇವತಿ, ಅಶ್ವಿನಿ ಮಳೆಯ ಲೆಕ್ಕ ನೋಡಿದರೆ ಸಾಕು ಎನ್ನುತ್ತಾರೆ ಮಾವನವರು. ಪಂಪ್‌ಸೆಟ್, ಸ್ಪ್ರಿಂಕ್ಲರ್ ಬಾಡಿಗೆಗೆ ತಂದು ಈಗಲೇ ನೀರು ಕೊಡಬೇಕೇ, ಮಳೆಗೆ ಕಾಯಬೇಕೇ? ಅಪ್ಪ, ಅಮ್ಮನನ್ನು ಬೇಸಿಗೆ ಮುಗಿಯುವವರೆಗೆ ಇಲ್ಲಿಗೆ ಕರೆತರಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳಿವೆ. ಮಾದಾಪುರದಲ್ಲಿ ನಿಮ್ಮನ್ನು ಕಾಡುತ್ತಿರುವುದು ಹೂಮಳೆ, ಅಂದರೆ ಕಾಫಿಯ ಮೊಗ್ಗನ್ನು ಅರಳಿಸುವ ಬೇಸಿಗೆ ಮಳೆ, ಯಾವಾಗ, ಎಷ್ಟು ಬರುತ್ತದೆ ಎಂಬ ಪ್ರಶ್ನೆ. ಕುಮಟಾದಲ್ಲಿ ಕಾಡುತ್ತಿರುವುದು ಸೆಖೆ ಮತ್ತು ಬಾವಿಯ ನೀರು. ನಕ್ಷೆಯಲ್ಲಿ ಎರಡೂ ಊರುಗಳ ಮೇಲೆ ಒಂದೇ ಬಣ್ಣವಿರುವುದರಿಂದ ಎರಡಕ್ಕೂ ಒಂದೇ ಉತ್ತರವಿರಬೇಕೆಂದು ತೋರುವುದು ಸಹಜ. ಕೊಡಗಿನ ಬೆಳೆಗಾರರ ಜೊತೆ ಹವಾಮಾನದ ವಿಚಾರವಾಗಿ ಕೆಲಸ ಮಾಡುತ್ತ ನಾನು ಮತ್ತೆ ಮತ್ತೆ ಕಂಡಿರುವ ಗೊಂದಲವೇ ಇದು: ಮೂರು ತಿಂಗಳ ಮುನ್ನೋಟವನ್ನು ಮುಂದಿನ ವಾರದ ಮುನ್ಸೂಚನೆಯಂತೆ ಓದುವುದು, ಹತ್ತಾರು ಜಿಲ್ಲೆಗಳ ಸರಾಸರಿಯನ್ನು ಒಂದು ಇಳಿಜಾರಿನ ಭವಿಷ್ಯವೆಂದು ನಂಬುವುದು.

ಮೊದಲು ಆ ಮುನ್ನೋಟ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ನೋಡೋಣ. ಭಾರತೀಯ ಹವಾಮಾನ ಇಲಾಖೆಯು ಮಾರ್ಚ್‌ನಿಂದ ಮೇವರೆಗಿನ ಅವಧಿಗೆ ಫೆಬ್ರುವರಿ ಕೊನೆಯ ಹೊತ್ತಿಗೆ, ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಗೆ ಮಾರ್ಚ್ ಕೊನೆಯ ಹೊತ್ತಿಗೆ ಇಂಥ ಮುನ್ನೋಟ ಕೊಡುತ್ತದೆ. ಹಿಂದಿನ ಹಲವು ದಶಕಗಳ ಬೇಸಿಗೆಗಳನ್ನು ತಾಪಮಾನದ ಕ್ರಮದಲ್ಲಿ ಜೋಡಿಸಿ ಮೂರು ಸಮಭಾಗ ಮಾಡುತ್ತಾರೆ: ವಾಡಿಕೆಗಿಂತ ತಂಪು, ವಾಡಿಕೆ, ವಾಡಿಕೆಗಿಂತ ಬಿಸಿ. ಯಾವ ಮಾಹಿತಿಯೂ ಇಲ್ಲದಿದ್ದರೆ ಪ್ರತಿ ಭಾಗಕ್ಕೂ ಸುಮಾರು 33 ಶೇಕಡ ಸಾಧ್ಯತೆ. ಸಾಗರದ ಮೇಲ್ಮೈ ತಾಪಮಾನ ಮೊದಲಾದವನ್ನು ಆಧರಿಸಿದ ಹಲವು ಮಾದರಿಗಳನ್ನು ಒಟ್ಟಿಗೆ ಓಡಿಸಿದಾಗ, ಬಿಸಿ ಭಾಗದ ಸಾಧ್ಯತೆ 33ರಿಂದ 45ಕ್ಕೋ 55ಕ್ಕೋ ಏರಿದರೆ ನಕ್ಷೆಯಲ್ಲಿ ಆ ಪ್ರದೇಶಕ್ಕೆ ಕೆಂಪು ಛಾಯೆ ಬರುತ್ತದೆ. ಅಂದರೆ 55 ಶೇಕಡ ಎಂದು ಬರೆದ ಜಾಗದಲ್ಲಿಯೂ ಬೇಸಿಗೆ ವಾಡಿಕೆಯಂತೆಯೋ ಅದಕ್ಕಿಂತ ತಂಪಾಗಿಯೋ ಇರುವ ಸಾಧ್ಯತೆ 45 ಶೇಕಡ ಉಳಿದೇ ಇರುತ್ತದೆ. ಛಾಯೆ ದಟ್ಟವಾದಷ್ಟೂ ಬಿಸಿಲು ಹೆಚ್ಚು ಎಂದು ಅನೇಕರು ಓದುತ್ತಾರೆ. ಅದು ತಪ್ಪು. ದಟ್ಟ ಬಣ್ಣ ತೋರಿಸುವುದು ಖಚಿತತೆಯ ಪ್ರಮಾಣವನ್ನು, ಡಿಗ್ರಿಯ ಪ್ರಮಾಣವನ್ನಲ್ಲ. ಇಡೀ ಋತುವಿನ ಸರಾಸರಿ ಅರ್ಧ ಡಿಗ್ರಿ ಏರಿದರೂ ಅದು ವಾಡಿಕೆಗಿಂತ ಬಿಸಿಯಾದ ಬೇಸಿಗೆಯೆಂದೇ ದಾಖಲಾಗಬಹುದು.

ಇನ್ನೊಂದು ವಿಷಯ ಕೊಡಗಿನವರು ವಿಶೇಷವಾಗಿ ತಿಳಿದಿರಬೇಕು. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗ ಮಾಡಿದೆ. ಕೊಡಗು ಸೇರಿರುವುದು ದಕ್ಷಿಣ ಒಳನಾಡಿಗೆ. ಮಂಡ್ಯ, ತುಮಕೂರು, ಕೋಲಾರ, ಚಿತ್ರದುರ್ಗಗಳ ಜೊತೆಗೆ. ಭಾಗಮಂಡಲದ ಬೆಟ್ಟಕ್ಕೂ ಚಿತ್ರದುರ್ಗದ ಬಯಲಿಗೂ ಸೇರಿಸಿ ಹೇಳಿದ ಒಂದು ವಾಕ್ಯ ಎರಡಕ್ಕೂ ಹೊಂದುವುದು ಕಷ್ಟ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಲೆನಾಡನ್ನು ಬೇರೆ ವಿಭಾಗವಾಗಿಟ್ಟು, ಕೊಡಗನ್ನು ಹಾಸನ, ಚಿಕ್ಕಮಗಳೂರು, ಶಿವಮೊಗ್ಗಗಳ ಜೊತೆ ಸೇರಿಸುತ್ತದೆ. ಆ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಿಮ್ಮ ತೋಟದ ಮಟ್ಟಿಗೆ ಯಾವ ದಿನ ಎಲ್ಲಿ ಎಷ್ಟು ಮಳೆಯಾಯಿತು ಎಂದು ತಿಳಿಯಲು ಅದೇ ಹೆಚ್ಚು ಉಪಯುಕ್ತ.

45 ಡಿಗ್ರಿಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಗಾಳಿ ಮೇಲಕ್ಕೆ ಹೋದಂತೆ ತಣ್ಣಗಾಗುತ್ತದೆ. ಸಾಮಾನ್ಯವಾಗಿ ಪ್ರತಿ ಕಿಲೋಮೀಟರ್ ಎತ್ತರಕ್ಕೆ 6ರಿಂದ 7 ಡಿಗ್ರಿ ಸೆಲ್ಸಿಯಸ್. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗಿಂತ ಮೇಲಿದೆ, ಕುಶಾಲನಗರ 800 ಮೀಟರ್‌ಗಿಂತ ಮೇಲಿದೆ. ಕೊಡಗಿನಲ್ಲಿ 45 ಡಿಗ್ರಿಯಾಗಬೇಕಾದರೆ ಅದೇ ಗಾಳಿ ಸಮುದ್ರಮಟ್ಟದಲ್ಲಿ 50ನ್ನು ದಾಟಿರಬೇಕು. ಮೊಬೈಲ್ ತೋರಿಸುವ ಅಂಕಿ ಬಹಳಷ್ಟು ಸಲ ನಿಮ್ಮ ಊರಿನದೇ ಅಲ್ಲ, ಲೆಕ್ಕಾಚಾರಕ್ಕಾಗಿ ನಕ್ಷೆಯ ಮೇಲೆ ಎಳೆದ, ದೂರದ ಬಯಲನ್ನೂ ಒಳಗೊಂಡ ದೊಡ್ಡ ಚೌಕದ್ದು. ಕಾರಿನ ಮಾಪಕ ತೋರಿಸುವುದು ಡಾಂಬರಿನ ಮೇಲಿನ ಬಿಸಿಯನ್ನು. ಹವಾಮಾನ ಕೇಂದ್ರದ ತಾಪಮಾನವನ್ನು ನೆರಳಿನ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆಯುತ್ತಾರೆ, ಉಳಿದವನ್ನು ಅದರ ಪಕ್ಕಕ್ಕಿಟ್ಟು ಹೋಲಿಸಲಾಗದು. ಹಾಗೆಂದು ಕೊಡಗಿಗೆ ಬಿಸಿಲಿನ ಭಯವೇ ಇಲ್ಲವೆಂದಲ್ಲ. ಶಾಖದ ಅಲೆಯ ಮಾನದಂಡ ಬಯಲಿಗೆ 40 ಡಿಗ್ರಿಯಾದರೆ ಕರಾವಳಿಗೆ 37, ಗುಡ್ಡಗಾಡಿಗೆ 30. ಅದರ ಜೊತೆಗೆ ಆ ದಿನದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಮಡಿಕೇರಿಯ ಕಡೆ 33, 34 ಡಿಗ್ರಿ ಬಂದರೆ ಬಯಲಿನವರಿಗೆ ಅದು ದೊಡ್ಡದೆನಿಸದು, ಆದರೆ ಆ ನೆರಳು, ಆ ಮಣ್ಣು, ಆ ಗಿಡಕ್ಕೆ ಅದು ನಿಜವಾದ ಸಂಕಟ.

ಅತಿಮಳೆಯ ಮಾರನೆಯ ವರ್ಷ ಬರ ಎಂಬ ನಂಬಿಕೆಗೆ ಆಧಾರವಿಲ್ಲ. ಆಕಾಶ ಹಿಂದಿನ ವರ್ಷದ ಲೆಕ್ಕವನ್ನು ಸರಿದೂಗಿಸುವುದಿಲ್ಲ. 2018ರ ಆಗಸ್ಟ್‌ನ ದುರಂತವನ್ನು ಕೊಡಗು ಮರೆಯುವ ಮೊದಲೇ 2019ರ ಆಗಸ್ಟ್‌ನಲ್ಲಿ ಮತ್ತೆ ಪ್ರವಾಹ, ಭೂಕುಸಿತಗಳಾದವು.

ಮಾವನವರ ಮಾತನ್ನು ಮಾತ್ರ ನಾನು ಹಾಗೆ ತಳ್ಳಿಹಾಕಲಾರೆ. ಮಳೆನಕ್ಷತ್ರಗಳು ಸೂರ್ಯನ ಚಲನೆಯನ್ನು ಆಧರಿಸಿದವು, ಒಂದೊಂದು ನಕ್ಷತ್ರ 13, 14 ದಿನದ ಅವಧಿ. ಹಾಗಾಗಿ ಅಶ್ವಿನಿ ಪ್ರತಿ ವರ್ಷ ಏಪ್ರಿಲ್ ಮಧ್ಯದಲ್ಲಿ, ಕೊಡವರ ಹೊಸ ವರ್ಷವಾದ ಎಡಮ್ಯಾರ್ ಹೊತ್ತಿಗೇ ಆರಂಭವಾಗುತ್ತದೆ, ಭರಣಿ ಏಪ್ರಿಲ್ ಕೊನೆಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯಲ್ಲಿ ತಲೆಮಾರುಗಳ ಅನುಭವ ಸೇರಿದೆ: ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಗುಡುಗು ಮಳೆ ಹೆಚ್ಚು, ಆ ತೇವ ಸಿಕ್ಕಿದರೆ ಉಳುಮೆ ಸಲೀಸು. ಆದರೆ ಅದು ಸಾಮಾನ್ಯವಾಗಿ ಏನಾಗುತ್ತದೆ ಎಂಬುದರ ಪಂಚಾಂಗ; ಈ ವರ್ಷ ರೇವತಿಯಲ್ಲಿ ಮಳೆ ಬೀಳುತ್ತದೆಯೇ ಇಲ್ಲವೇ ಎಂಬುದನ್ನು ಅದು ಹೇಳಲಾರದು. ಮುಖ್ಯವಾಗಿ, ರೋಬಸ್ಟಾಕ್ಕೆ ಬೇಕಾದ ಮಳೆ ಮಾರ್ಚ್ ಕೊನೆಗೆ ಆರಂಭವಾಗುವ ರೇವತಿಗಿಂತ ಮುಂಚಿನದು.

ಈಗ ನಿಮ್ಮ ತೋಟದ ವಿಷಯ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೇಸಿಗೆಯ ಒಟ್ಟು ಮಳೆಯ ಮುನ್ನೋಟ ಕಾಫಿಗೆ ಬಹುಪಾಲು ನಿರುಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಫಿಯ ಮೊಗ್ಗು ಒಣಹವೆಯಲ್ಲಿ ಬಲಿತು ಸುಮ್ಮನೆ ನಿಂತಿರುತ್ತದೆ. ಸರಿಯಾದ ತೇವ, ಅದರೊಡನೆ ಬರುವ ತಂಪು, ಎರಡೂ ಒಟ್ಟಿಗೆ ತಾಗಿದಾಗ ಅದು ಎಚ್ಚರಗೊಳ್ಳುತ್ತದೆ. ಸುಮಾರು ಒಂದು ಇಂಚು, ನಮ್ಮವರ ಲೆಕ್ಕದಲ್ಲಿ 100 ಸೆಂಟು ಮಳೆ ಒಂದೆರಡು ದಿನದೊಳಗೆ ಬಿದ್ದರೆ ರೋಬಸ್ಟಾ ಏಳೆಂಟು ದಿನದಲ್ಲಿ, ಅರೇಬಿಕಾ ಒಂಬತ್ತು ಹತ್ತು ದಿನದಲ್ಲಿ ಅರಳುತ್ತವೆ. ಅದಾಗಿ ಎರಡು ಮೂರು ವಾರಕ್ಕೆ ಕಾಯಿ ನಿಲ್ಲಲು ಮತ್ತೊಂದು ಮಳೆ, ನಾವು ಬ್ಯಾಕಿಂಗ್ ಎನ್ನುವ ಮಳೆ, ಬೇಕು. ಮಾರ್ಚ್‌ನಿಂದ ಮೇವರೆಗೆ ವಾಡಿಕೆಯಷ್ಟೇ ಮಳೆಯಾಯಿತು ಎಂದು ವರದಿ ಬಂದ ವರ್ಷದಲ್ಲಿ ಆ ಮಳೆಯೆಲ್ಲ ಮೇ 10ರ ನಂತರ ಸುರಿದಿದ್ದರೆ ರೋಬಸ್ಟಾ ಬೆಳೆಗಾರನಿಗೆ ಅದು ಬರಗಾಲವೇ. ಇದಕ್ಕೆ ಪ್ರತಿಯಾಗಿ, ಒಟ್ಟು ಮಳೆ ಅರ್ಧಕ್ಕೆ ಇಳಿದ ವರ್ಷದಲ್ಲೂ ಹೊತ್ತಿಗೆ ಸರಿಯಾಗಿ ಬಿದ್ದ ಎರಡು ಮಳೆ ಫಸಲು ಉಳಿಸಬಹುದು. ಮಾರ್ಚ್‌ನ ವಾಡಿಕೆ ಮಳೆ ಇಲ್ಲಿ ಅಷ್ಟು ಕಡಿಮೆಯೆಂದರೆ ಒಂದೇ ಸಂಜೆಯ ಗುಡುಗು ಮಳೆ ಇಡೀ ತಿಂಗಳನ್ನು ಕೊರತೆಯ ಪಟ್ಟಿಯಿಂದ ಹೆಚ್ಚಳದ ಪಟ್ಟಿಗೆ ಎತ್ತಿಡುತ್ತದೆ. ಆ ಶೇಕಡಾವಾರು ಅಂಕಿಗಳನ್ನು ನೋಡಿ ಸಮಾಧಾನಪಡುವುದೂ ಬೇಡ, ಗಾಬರಿಯಾಗುವುದೂ ಬೇಡ.

ಈ ಮಳೆ ಇಷ್ಟು ಅನಿಶ್ಚಿತವೇಕೆ ಎಂದರೆ ಅದು ಹುಟ್ಟುವ ರೀತಿಯೇ ಹಾಗೆ. ಮುಂಗಾರಿನ ಮೋಡ ಸಾವಿರಾರು ಕಿಲೋಮೀಟರ್ ಅಗಲದ ಗಾಳಿಯ ಪ್ರವಾಹದಿಂದ ಬರುತ್ತದೆ. ಬೇಸಿಗೆಯ ಮೋಡವಾದರೋ ಮಧ್ಯಾಹ್ನದ ಬಿಸಿಗೆ ಸ್ಥಳದಲ್ಲೇ ಏಳುತ್ತದೆ. ಅರಬ್ಬಿ ಸಮುದ್ರದಿಂದ ಕೇರಳದ ಮೇಲಾಗಿ ಘಟ್ಟ ಹತ್ತುವ ತೇವದ ಗಾಳಿ, ಪೂರ್ವದ ಬಯಲಿನಿಂದ ಬರುವ ಒಣ ಬಿಸಿಗಾಳಿ, ಇವೆರಡೂ ಎದುರಾಗುವ ಗೆರೆ ಒಳನಾಡಿನ ಮೇಲೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಾಗ ಅದರ ಆಸುಪಾಸಿನಲ್ಲಿ ಗುಡುಗು ಮೋಡಗಳು ಕಟ್ಟುತ್ತವೆ. ಆ ಗೆರೆ ಸ್ವಲ್ಪ ಪೂರ್ವಕ್ಕೆ ಸರಿದರೆ ಹುಣಸೂರಿಗೆ ಮಳೆ, ಪಶ್ಚಿಮಕ್ಕೆ ಸರಿದರೆ ನಮಗೆ. ಒಂದೊಂದು ಮೋಡದ ಅಗಲವೂ ಕೆಲವೇ ಕಿಲೋಮೀಟರ್. ಸುಂಟಿಕೊಪ್ಪದಲ್ಲಿ ಒಂದೂವರೆ ಇಂಚು ಸುರಿದ ಸಂಜೆ ಮಾದಾಪುರದಲ್ಲಿ 10 ಸೆಂಟೂ ಬೀಳದಿರುವುದು, ಶನಿವಾರಸಂತೆಯಲ್ಲಿ ಆಲಿಕಲ್ಲು ಬಿದ್ದು ಪಕ್ಕದ ಹೋಬಳಿಯಲ್ಲಿ ನಕ್ಷತ್ರ ಹೊಳೆಯುವುದು ಈ ಕಾರಣಕ್ಕೇ. ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ, ತಂಪಾಗುವ ಲಾ ನಿನಾಗಳು ಋತುವಿನ ಒಟ್ಟು ಒಲವನ್ನು ಅಷ್ಟಿಷ್ಟು ತಿದ್ದುತ್ತವೆ. 2023ರ ಎಲ್ ನಿನೊ ವರ್ಷದಲ್ಲಿ ರಾಜ್ಯ ಬರ ಕಂಡಿತು, ಅದರ ಬೆನ್ನಿಗೆ ಬಂದ 2024ರ ಬೇಸಿಗೆಯ ಬಿಸಿಯನ್ನೂ ನಾವು ಅನುಭವಿಸಿದೆವು. ಆದರೆ ಮಾರ್ಚ್ 12ರಂದು ನಿಮ್ಮ ಇಳಿಜಾರಿನ ಮೇಲೆ ಮೋಡ ಕಟ್ಟುತ್ತದೆಯೇ ಎಂಬುದನ್ನು ಪೆಸಿಫಿಕ್ ಸಾಗರ ನಿರ್ಧರಿಸುವುದಿಲ್ಲ.

ಹಾಗಾದರೆ ನೀರು ಕೊಡಬೇಕೇ, ಕಾಯಬೇಕೇ? ನಿಮ್ಮ ಕೆರೆಯ ಲೆಕ್ಕದಿಂದ ಆರಂಭಿಸೋಣ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ನಾಲ್ಕು ಎಕರೆ ರೋಬಸ್ಟಾಕ್ಕೆ ಹೂವಿನ ನೀರು ಒಂದು ಇಂಚಿನಂತೆ ಕೊಟ್ಟರೆ 4.1 ಲಕ್ಷ ಲೀಟರ್ ಖರ್ಚಾಗುತ್ತದೆ, ಉಳಿಯುವ 1.9 ಲಕ್ಷದಲ್ಲಿ ಆವಿಯಾಗಿ, ಇಂಗಿ ಹೋಗುವುದನ್ನು ಕಳೆದರೆ ಮೂರು ವಾರದ ನಂತರದ ನೀರಿಗೆ ಎಕರೆಗೆ ಅರ್ಧ ಇಂಚೂ ದಕ್ಕುವುದಿಲ್ಲ. ಆಗ ಮಳೆ ಬರದಿದ್ದರೆ ಅರಳಿದ ಹೂವೆಲ್ಲ ಕಾಯಿ ಕಟ್ಟದೆ ಉದುರಿ, ಬಾಡಿಗೆ ಮತ್ತು ಡೀಸೆಲ್ ದುಡ್ಡು ಹೋದ ಮೇಲೆ ಫಸಲೂ ಹೋಗುತ್ತದೆ. ಅದರ ಬದಲು ಮೂರು ಎಕರೆಗೆ ಮಾತ್ರ ನೀರು ಕೊಡಿ ಎನ್ನುವುದು ನನ್ನ ಸಲಹೆ. ಹೂವಿಗೆ ಒಂದು ಇಂಚಿನಂತೆ 3.1 ಲಕ್ಷ ಲೀಟರ್, ಬ್ಯಾಕಿಂಗ್‌ಗೆ ಮುಕ್ಕಾಲು ಇಂಚಿನಂತೆ 2.3 ಲಕ್ಷ, ಕೆರೆಯ ನೀರು ಸರಿಸುಮಾರು ಅಷ್ಟಕ್ಕೆ ಆಗುತ್ತದೆ. ನಾಲ್ಕನೆಯ ಎಕರೆಯನ್ನು, ಮುಖ್ಯವಾಗಿ ನೆರಳು ದಟ್ಟವಾಗಿ ತೇವ ಉಳಿದಿರುವ ಭಾಗವನ್ನು, ಮಳೆಗೆ ಬಿಡಿ. ಎಲ್ಲ ಗಿಡಕ್ಕೂ ಸ್ವಲ್ಪ ಸ್ವಲ್ಪ ಹಂಚೋಣ ಎಂಬ ನ್ಯಾಯ ಮನುಷ್ಯರ ನಡುವೆ ಚೆನ್ನ. ರೋಬಸ್ಟಾ ಮೊಗ್ಗಿಗೆ ಅರ್ಧ ನೀರು ಕೊಡುವುದಕ್ಕಿಂತ ಕೊಡದಿರುವುದೇ ಲೇಸು. ಅರೆತೇವಕ್ಕೆ ಅರ್ಧ ಉಬ್ಬಿದ ಮೊಗ್ಗು ಅರಳಲಾರದೆ, ಹಿಂದಿನ ಸ್ಥಿತಿಗೂ ಹೋಗಲಾರದೆ ಒಣಗುತ್ತದೆ. ಆಕಾಶದಿಂದ 30, 40 ಸೆಂಟು ಮಾತ್ರ ಬಿದ್ದು ನಿಂತ ಸಂದರ್ಭದಲ್ಲಿಯೂ ಇದೇ ಅಪಾಯವಿದೆ. ಹಾಗಾದರೆ ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರ್‌ನಿಂದ ಕೊರತೆ ತುಂಬಬೇಕು. ಪಂಪ್‌ಸೆಟ್ ಬಾಡಿಗೆಯ ಮಾತನ್ನು ಈಗಲೇ ಆಡಿಟ್ಟುಕೊಳ್ಳಿ ಎನ್ನಲು ನನಗಿರುವ ಮುಖ್ಯ ಕಾರಣ ಈ ಕೊನೆಯ ಸಂದರ್ಭವೇ, ಏಕೆಂದರೆ ಆ ವಾರ ಇಡೀ ತಾಲ್ಲೂಕಿಗೆ ಪಂಪ್ ಬೇಕಾಗುತ್ತದೆ.

ನೀರು ಹಾಯಿಸುವ ದಿನವನ್ನು ಆರಿಸುವಾಗ ಹೂವಿನ ದಿನವನ್ನು ಯೋಚಿಸಿ. ರೋಬಸ್ಟಾ ತನ್ನ ಪರಾಗದಿಂದ ತಾನೇ ಫಲಿಸುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಿಂದಲೋ ತುಡುವೆ, ಹೆಜ್ಜೇನುಗಳಿಂದಲೋ ಬರಬೇಕು. ಅರಳಿದ ಬೆಳಿಗ್ಗೆ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ಹಾಗಾಗಿ ಇಂದು ಸ್ಪ್ರಿಂಕ್ಲರ್ ಹಚ್ಚುವವರು ನಾಳೆಯ ಹವೆಗಿಂತ ಏಳನೆಯ, ಎಂಟನೆಯ, ಒಂಬತ್ತನೆಯ ದಿನದ ಹವೆಯನ್ನು ನೋಡಬೇಕು. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆ ಕೊಡುತ್ತದೆ. ಅದರ ಎರಡನೆಯ ವಾರದಲ್ಲಿ ದಕ್ಷಿಣ ಕರ್ನಾಟಕ ಮತ್ತು ಕೇರಳದ ಮೇಲೆ ವಾಡಿಕೆಗಿಂತ ಹೆಚ್ಚು ಮಳೆ ಎಂದಿದ್ದರೆ ನಾನಾದರೆ ನಾಲ್ಕು ದಿನ ತಡೆಯುತ್ತೇನೆ: ಮಳೆ ನಿಜವಾಗಿ ಬಂದರೆ ನೀರು ಉಳಿಯಿತು, ಬರದಿದ್ದರೆ ನಾಲ್ಕು ದಿನದ ತಡ ಅಷ್ಟೇನೂ ದುಬಾರಿಯಲ್ಲ. ಎರಡೂ ವಾರ ಒಣಹವೆ ಎಂದಿದ್ದು, ಮೊಗ್ಗು ಬಲಿತು ಎಲೆ ಜೋತುಬೀಳಲಾರಂಭಿಸಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಮಾರ್ಚ್ ಎರಡನೆಯ ವಾರ ದಾಟಿಯೂ ಕಾಯುವ ರೋಬಸ್ಟಾ ಬೆಳೆಗಾರ ಪ್ರತಿದಿನವೂ ಬಿಸಿಲಿಗೆ ಮೊಗ್ಗನ್ನು ಒಡ್ಡುತ್ತಿರುತ್ತಾನೆ. ಹೂ ಬಿಟ್ಟ ದಿನಗಳಲ್ಲಿ ಯಾವ ಕೀಟನಾಶಕವನ್ನೂ ಸಿಂಪಡಿಸಬೇಡಿ.

ಅರೇಬಿಕಾದ ಎಂಟು ಎಕರೆಗೆ ನೀರು ಕೊಡುವ ಯೋಚನೆ ಬಿಟ್ಟುಬಿಡಿ. ಒಂದು ಇಂಚಿಗೇ 8.2 ಲಕ್ಷ ಲೀಟರ್ ಬೇಕು, ಅಷ್ಟು ನೀರು ನಿಮ್ಮಲ್ಲಿಲ್ಲ. ಕೊಲ್ಲಿಯ, ಅಂದರೆ ತೊರೆಯ, ನೀರು ಎತ್ತಿದರೆ ಕೆಳಗಿನ ಮನೆಗಳ ಕುಡಿಯುವ ನೀರಿಗೆ ಕೈ ಹಾಕಿದಂತೆ. ಅರೇಬಿಕಾದ ಹೂಮಳೆ ಮಾರ್ಚ್ ಕೊನೆ, ಏಪ್ರಿಲ್‌ಗೆ ಬಂದರೂ ನಡೆಯುತ್ತದೆ, ಆ ಹೊತ್ತಿಗೆ ಗುಡುಗು ಮಳೆಯ ಸಾಧ್ಯತೆಯೂ ಹೆಚ್ಚಾಗಿರುತ್ತದೆ. ಅದಕ್ಕೆ ಈಗ ಬೇಕಾದದ್ದು ನೆರಳು. ಕುಯ್ಲು ಮುಗಿಯಿತೆಂದು ಈಗಲೇ ಮರಗಸಿ, ಅಂದರೆ ನೆರಳಿನ ಮರಗಳ ರೆಂಬೆ ಸವರುವ ಕೆಲಸ, ಮಾಡಿಸಬೇಡಿ. ಒಳ್ಳೆಯ ಎರಡು ಮಳೆ ಬಿದ್ದ ಮೇಲೆ ಮಾಡಿಸಿ. ಬಿಸಿ ಬೇಸಿಗೆ ಮತ್ತು ತೆಳುವಾದ ನೆರಳು ಜೊತೆಯಾದರೆ ಬಿಳಿ ಕಾಂಡಕೊರಕಕ್ಕೆ ಅದಕ್ಕಿಂತ ಅನುಕೂಲ ಬೇರಿಲ್ಲ. ಆ ದುಂಬಿ ಹಾರಾಡಿ ಮೊಟ್ಟೆಯಿಡುವ ಒಂದು ಅವಧಿ ಏಪ್ರಿಲ್, ಮೇ ತಿಂಗಳು. ಬಿಸಿಲು ಬೀಳುವ ಕಾಂಡವನ್ನೇ ಅದು ಹುಡುಕುತ್ತದೆ. ಬಾಲೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹೇಳುವಂತೆ ಮುಖ್ಯ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಶೇಕಡ 10ರ ಸುಣ್ಣದ ದ್ರಾವಣ ಬಳಿಯಬಹುದು. ಬುಡಕ್ಕೆ ಒಣ ಎಲೆಯ (ದರಗಿನ) ಮುಚ್ಚಿಗೆ ಹಾಕಿ, ಆದರೆ ರಸ್ತೆ ಮತ್ತು ಕಾಡಿನ ಅಂಚಿನಲ್ಲಿ ಬೆಂಕಿ ಹರಡದಂತೆ ಒಂದು ಪಟ್ಟಿಯನ್ನು ಗುಡಿಸಿಡಿ. ಈ ಕೆಲಸಗಳಿಗೆ ಹೆಚ್ಚಿನ ಹಣ ಬೇಡ, ಮುನ್ನೋಟ ಸುಳ್ಳಾದರೂ ನಷ್ಟವಿಲ್ಲ. ಮೂರು ತಿಂಗಳ ಮುನ್ನೋಟವನ್ನು ನಂಬಿ ಮಾಡಬೇಕಾದದ್ದು ಇಂಥವನ್ನೇ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದವರನ್ನೋ ಒಮ್ಮೆ ಕೇಳಿದರೆ ನಿಮ್ಮ ಮಣ್ಣಿಗೆ ತಕ್ಕ ಮಾತು ಸಿಗುತ್ತದೆ.

ಇನ್ನು ಕುಮಟಾ. ಕರಾವಳಿಯ ಮಟ್ಟಿಗೆ ಈ ಮುನ್ನೋಟವನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಸಮುದ್ರದ ತಾಪಮಾನದ ಪ್ರಭಾವ ನೇರವಾದದ್ದು, ನಿಧಾನವಾಗಿ ಬದಲಾಗುವಂಥದ್ದು, ಆದ್ದರಿಂದ ಮುಂಗಡವಾಗಿ ಊಹಿಸಲು ಸ್ವಲ್ಪ ಸುಲಭ. ಕರಾವಳಿಯಲ್ಲಿ ಎರಡು ಬಗೆಯ ಬಿಸಿ ಇದೆ. ಫೆಬ್ರುವರಿ ಕೊನೆ, ಮಾರ್ಚ್‌ನಲ್ಲಿ ಪೂರ್ವದಿಂದ ಬೀಸುವ ಒಣಗಾಳಿ ಘಟ್ಟ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಅದು ಬಲವಾಗಿದ್ದ ದಿನ ಕಡಲಗಾಳಿ ಹೊತ್ತಿಗೆ ಸರಿಯಾಗಿ ಒಳಬರಲಾರದು, ಮಧ್ಯಾಹ್ನದೊಳಗೆ ತಾಪಮಾನ 37, 38ನ್ನು ದಾಟಿಬಿಡುತ್ತದೆ. 2025ರಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಕರಾವಳಿ ಕರ್ನಾಟಕಕ್ಕೆ ಶಾಖದ ಎಚ್ಚರಿಕೆ ಕೊಡಬೇಕಾದದ್ದು ಇಂಥ ಹವೆಯಲ್ಲಿ. ಎರಡನೆಯದು ಏಪ್ರಿಲ್, ಮೇ ತಿಂಗಳ ಸೆಖೆ. ಆಗ ಮಾಪಕದ ಅಂಕಿ 34ರಲ್ಲೇ ಇರಬಹುದು, ಆದರೆ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ರಾತ್ರಿಯೂ ಮನೆ ತಣಿಯುವುದಿಲ್ಲ. 70 ದಾಟಿದವರಿಗೆ ಹಗಲಿನ ಒಂದು ದಿನದ 38 ಡಿಗ್ರಿಗಿಂತ ಸಾಲು ಸಾಲಾಗಿ ಬರುವ ಇಂಥ ರಾತ್ರಿಗಳೇ ಹೆಚ್ಚು ಅಪಾಯಕಾರಿ. ದೇಹಕ್ಕೆ ಸುಧಾರಿಸಿಕೊಳ್ಳುವ ಹೊತ್ತೇ ಸಿಗುವುದಿಲ್ಲ.

ಅವರನ್ನು ಕರೆತರುವುದಾದರೆ ಇಡೀ ಬೇಸಿಗೆಗೆ ಎಂದು ಯೋಚಿಸಬೇಡಿ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಆರೇಳು ವಾರ ಸಾಕು. ಅದರಲ್ಲೂ ತೊಂದರೆ ಇಲ್ಲದಿಲ್ಲ: ಪರಿಚಿತ ವೈದ್ಯರಿಂದ ದೂರವಾಗುತ್ತಾರೆ, ತೋಟ ನೋಡುವವರಿಲ್ಲವೆಂಬ ಚಿಂತೆ ಅವರನ್ನು ಇಲ್ಲಿ ನೆಮ್ಮದಿಯಾಗಿರಲು ಬಿಡಲಿಕ್ಕಿಲ್ಲ. ಅವರು ಬರಲೊಪ್ಪದಿದ್ದರೆ ಬಲವಂತಕ್ಕಿಂತ ಅಲ್ಲಿನ ವ್ಯವಸ್ಥೆ ಸರಿಪಡಿಸುವುದು ಮೇಲು. ಮಧ್ಯಾಹ್ನ 12ರಿಂದ 3ರವರೆಗೆ ತೋಟದ ಕೆಲಸ ಬೇಡ. ಶಾಖದ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಬೆಳಿಗ್ಗೆ 11ಕ್ಕೇ ನಿಲ್ಲಿಸಲಿ, ಏಕೆಂದರೆ ಕಡಲಗಾಳಿ ತಡವಾದ ದಿನ ಬಿಸಿ ಮಧ್ಯಾಹ್ನಕ್ಕೆ ಮೊದಲೇ ವಿಪರೀತ ಏರಿರುತ್ತದೆ. ರಾತ್ರಿ ಅಡ್ಡಗಾಳಿ ಆಡುವ ಕೋಣೆಯಲ್ಲಿ ಮಲಗಲಿ. ರಕ್ತದೊತ್ತಡಕ್ಕೋ ಹೃದಯಕ್ಕೋ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆ ಏರುವ ಮೊದಲೇ ವೈದ್ಯರನ್ನು ಒಮ್ಮೆ ಕಾಣಬೇಕು. ನೀರು, ಉಪ್ಪಿನ ಪ್ರಮಾಣ ಎಷ್ಟಿರಬೇಕೆಂದು ಅವರೇ ಹೇಳಬೇಕು, ನಾನು ಹೇಳುವುದು ಸರಿಯಲ್ಲ. ಮಾತು ತೊದಲಿ, ಗಲಿಬಿಲಿಯಾಗಿ, ಮೈ ಸುಡುತ್ತಿದ್ದರೆ ಅದು ಸಾಮಾನ್ಯ ಸುಸ್ತಲ್ಲ, ಮೈಗೆ ನೀರು ಸುರಿದು ತಣಿಸುತ್ತಲೇ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಅಕ್ಕಪಕ್ಕದವರಿಗೂ ತಿಳಿಸಿಡಿ.

ಅಲ್ಲಿನ ಬಾವಿಯ ವಿಷಯ ನೀವು ಬರೆದಿಲ್ಲ, ಆದರೂ ಹೇಳುವುದು ಅಗತ್ಯ. ಕಡಲ ಹತ್ತಿರದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರಿನ ಗಡಿ ತತ್ವತಃ ಸುಮಾರು 40 ಅಡಿ ಮೇಲೇರಬಲ್ಲದು. ಬೇಸಿಗೆಯಲ್ಲಿ ಒಂದೇ ಸಮನೆ ಪಂಪ್ ಓಡಿಸಿದ ಬಾವಿಗಳು ಏಪ್ರಿಲ್‌ನಲ್ಲಿ ಉಪ್ಪಾಗುವುದಕ್ಕೆ ಇದೇ ಕಾರಣ, ಅಘನಾಶಿನಿಯ ಅಳಿವೆಯ ಹತ್ತಿರದ ಊರುಗಳಲ್ಲಿ ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ದಿನಕ್ಕೊಮ್ಮೆ ಎರಡು ಗಂಟೆ ಎತ್ತುವ ಬದಲು ಅರ್ಧ ಅರ್ಧ ಗಂಟೆಯಂತೆ ಬಿಟ್ಟು ಬಿಟ್ಟು ಎತ್ತಲಿ. ಅಡಿಕೆಗೆ ಹನಿ ನೀರಾವರಿಯಲ್ಲಿ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಸಾಕು, ಕಾಲುವೆಯಲ್ಲಿ ಹಾಯಿಸುವ ಪದ್ಧತಿಗೆ ಇದರ ಹಲವು ಪಟ್ಟು ನೀರು ಬೇಕು. ಉಪ್ಪು ನೀರು ಒಮ್ಮೆ ಬಾವಿಗೆ ಸೇರಿದರೆ ಮುಂಗಾರಿನವರೆಗೆ ಅಡಿಕೆಗೂ ಕಷ್ಟ, ಕುಡಿಯುವುದಕ್ಕೂ ಕಷ್ಟ. ಆದ್ದರಿಂದ ಹನಿ ನೀರಾವರಿಗೆ ಹಣ ಹಾಕುವುದಾದರೆ ನಿಮ್ಮ ಸ್ಪ್ರಿಂಕ್ಲರ್‌ಗಿಂತ ಮೊದಲು ಅಲ್ಲಿ ಹಾಕುವುದು ವಿವೇಕವೆಂದು ನನಗೆ ತೋರುತ್ತದೆ.

ಮೂರು ತಿಂಗಳ ಮುನ್ನೋಟದಲ್ಲಿ ಚಂಡಮಾರುತಗಳ ಸುಳಿವು ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ. 2021ರ ಮೇ ಮಧ್ಯದಲ್ಲಿ ತೌಕ್ತೆ ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಾಗಿ ಭಾರೀ ಮಳೆ, ಕಡಲ್ಕೊರೆತ ತಂದಿತು. 2023ರ ಜೂನ್‌ನ ಬಿಪರ್‌ಜಾಯ್ ಮುಂಗಾರಿನ ಲಯವನ್ನೇ ಕೆಡಿಸಿತು. ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಅರಬ್ಬಿ ಸಮುದ್ರದ ಸುದ್ದಿ ನೋಡಿಕೊಳ್ಳುವಂತೆ ಅಪ್ಪನಿಗೆ ಹೇಳಿ. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ಇಬ್ಬರ ಮೊಬೈಲ್‌ನಲ್ಲಿಯೂ ಇರಲಿ, ನಿಮ್ಮ ತೋಟದಲ್ಲಿ ಕೆಲಸ ಮಾಡುವವರಿಗೂ ಅದನ್ನು ತೋರಿಸಿಕೊಡಿ.

ಕೊನೆಯದಾಗಿ ಮುಂಗಾರಿನ ವಿಚಾರ. ಅದರ ಮೊದಲ ಮುನ್ನೋಟ ಏಪ್ರಿಲ್ ಮಧ್ಯದಲ್ಲಿ ಬರುತ್ತದೆ, ಪರಿಷ್ಕೃತ ಮುನ್ನೋಟ ಮೇ ಕೊನೆಗೆ. ಕೇರಳಕ್ಕೆ ಮುಂಗಾರು ತಲುಪುವ ವಾಡಿಕೆ ದಿನ ಜೂನ್ 1. ಆದರೆ 2023ರಲ್ಲಿ ಅದು ಜೂನ್ 8ಕ್ಕೆ ಬಂತು, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಬಿಸಿಲು ಹೆಚ್ಚೆಂಬ ಮುನ್ನೋಟ ನಂಬಿ ಜೂನ್‌ವರೆಗೆ ಸಮಯವಿದೆ ಎಂದುಕೊಂಡು ಕುಳಿತವರಿಗೆ 2025ರಂಥ ವರ್ಷದಲ್ಲಿ ಮರಗಸಿಗೂ ಗೊಬ್ಬರಕ್ಕೂ ಬಿಡುವು ಸಿಗುವುದಿಲ್ಲ. ಆದ್ದರಿಂದ ಮಳೆನೀರು ಇಂಗಿಸಲು ಗಿಡಗಳ ನಡುವೆ ತೋಡಿದ ತೊಟ್ಟಿಲು ಗುಂಡಿಗಳ ಹೂಳು ತೆಗೆಯುವುದು, ಇಳಿಜಾರಿನ ತೋಡುಗಳನ್ನು ಬಿಡಿಸುವುದು, ಕೆರೆಯ ಕೋಡಿ ಸರಿಮಾಡುವುದು, ಇವನ್ನು ಮೇ ಮೊದಲ ವಾರದೊಳಗೆ ಮುಗಿಸಿ. ಮರಗಸಿಯನ್ನು ಏಪ್ರಿಲ್‌ನ ಮಳೆ ಬಿದ್ದ ಕೂಡಲೇ ಹಿಡಿದು ಮೇ 20ರೊಳಗೆ ಪೂರೈಸಿ, ಕಡಿದ ರೆಂಬೆಗಳು ತೋಡಿಗೆ ಅಡ್ಡ ಬೀಳದಂತೆ ಎತ್ತಿಹಾಕಿಸಿ.